ಲೂಪಸ್ ಸಂಶೋಧನೆಗೆ ರಕ್ತ, ಮೂತ್ರ, ಹಳೆಯ ಫೈಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಲೂಪಸ್ ಬಗ್ಗೆ ಉತ್ತರ ಕನ್ನಡ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಈ ಸಲ ಔಷಧಿಗಿಂತ ಸಂಶೋಧನೆಯ ವಿಚಾರವೇ ಹೆಚ್ಚು. ಚಿಕಿತ್ಸೆಗೆಂದು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಕಡೆಗೆ ಹೋದವರ ಮುಂದೆ ಒಪ್ಪಿಗೆ ಪತ್ರ ಇಟ್ಟು, "ಅಧ್ಯಯನಕ್ಕೆ ಸ್ವಲ್ಪ ರಕ್ತ ಕೊಡುತ್ತೀರಾ?" ಎಂದು ಕೇಳಿದಾಗ ಹುಟ್ಟಿದ ಪ್ರಶ್ನೆಗಳು ಇವು. ಹೊಸ ಓದುಗರಿಗಾಗಿ ಎರಡು ಮಾತು: ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಮೈಯ ಜೀವಕೋಶಗಳ ಮೇಲೆಯೇ ತಿರುಗಿಬೀಳುವ ಕಾಯಿಲೆ ಲೂಪಸ್. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಒಬ್ಬರಲ್ಲಿ ಚರ್ಮ ಮತ್ತು ಕೀಲಿಗಷ್ಟೇ ನಿಂತದ್ದು ಇನ್ನೊಬ್ಬರಲ್ಲಿ ಮೂತ್ರಪಿಂಡಕ್ಕೋ ಮಿದುಳಿಗೋ ಇಳಿಯುತ್ತದೆ. ಹೀಗೆ ಒಬ್ಬರಂತೆ ಇನ್ನೊಬ್ಬರಿಲ್ಲದ ಕಾಯಿಲೆಯನ್ನು ಅರಿಯಲು ನೂರಾರು ಜನರ ರಕ್ತ, ಮೂತ್ರ, ದಾಖಲೆ ಒಟ್ಟಿಗೆ ಬೇಕಾಗುತ್ತವೆ.

ಪ್ರಶ್ನೆ: ನನಗೆ 32 ವರ್ಷ, ತೂಕ 45 ಕೆ.ಜಿ. ಹಿಮೋಗ್ಲೋಬಿನ್ ಒಂಬತ್ತರ ಆಸುಪಾಸು. ಅಧ್ಯಯನಕ್ಕೆ 20 ಮಿ.ಲೀ. ರಕ್ತ ಬೇಕು ಎನ್ನುತ್ತಾರೆ. ಮೊದಲೇ ರಕ್ತ ಕಡಿಮೆ ಇರುವವಳಿಂದ ಇಷ್ಟು ತೆಗೆಯಬಹುದೇ? ಇಷ್ಟೊಂದು ಯಾಕೆ ಬೇಕು?
– ಓದುಗರು, ಕುಮಟಾ

ಉತ್ತರ: ಇಪ್ಪತ್ತು ಮಿ.ಲೀ. ಎಂದರೆ ನಾಲ್ಕು ಟೀ ಚಮಚ. ರಕ್ತದಾನದಲ್ಲಿ ಒಂದು ಸಲಕ್ಕೆ 350 ಮಿ.ಲೀ. ತೆಗೆಯುತ್ತಾರೆ. ಕಾಯಿಲೆ ಇರುವವರಿಂದ ಸಂಶೋಧನೆಗೆಂದು ರಕ್ತ ತೆಗೆಯಲು ಅಮೆರಿಕದ ನಿಯಮದಲ್ಲಿ ಒಂದು ಅಳತೆಯಿದೆ: ಎಂಟು ವಾರದಲ್ಲಿ ಒಟ್ಟು 50 ಮಿ.ಲೀ., ಅಥವಾ ತೂಕದ ಪ್ರತಿ ಕೆ.ಜಿ.ಗೆ 3 ಮಿ.ಲೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. 45 ಕೆ.ಜಿ.ಗೆ ಲೆಕ್ಕ ಹಾಕಿದರೆ 135 ಬರುತ್ತದೆ, ಆದ್ದರಿಂದ ನಿಮ್ಮ ಮಿತಿ 50. ಒಂದು ಸಲ 20 ತೆಗೆದರೆ ಹಿಮೋಗ್ಲೋಬಿನ್ ಇಳಿಯುವುದು ಲೆಕ್ಕಕ್ಕೆ ಸಿಗದಷ್ಟು. ಆದರೂ ನಿಮ್ಮದು ಒಂಬತ್ತು. ಅದನ್ನು ರಕ್ತ ತೆಗೆಯುವವರಿಗೆ ಮೊದಲೇ ಹೇಳಿ. ಚಿಕಿತ್ಸೆಯ ಪರೀಕ್ಷೆಗೂ ಅದೇ ದಿನ ರಕ್ತ ಬೇಕಿದ್ದರೆ ಒಂದೇ ಸೂಜಿಯಲ್ಲಿ ಎರಡೂ ಆಗಲಿ, ಚಿಕಿತ್ಸೆಯ ಕೊಳವೆಗಳು ಮೊದಲು ತುಂಬಲಿ. ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗಿಳಿದಾಗ ಅಥವಾ ಕೆಂಪು ರಕ್ತಕಣ ಒಡೆಯುತ್ತಿದೆ ಎಂದು ವೈದ್ಯರು ಹೇಳಿದಾಗ ಸಂಶೋಧನೆಯ ರಕ್ತವನ್ನು ಮುಂದಿನ ಭೇಟಿಗೆ ದೂಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು, ಇಷ್ಟು ಯಾಕೆ ಎಂಬುದಕ್ಕೆ. ಕೊಳವೆಗಳ ಮುಚ್ಚಳದ ಬಣ್ಣ ನೋಡಿ. ಕೆಂಪು ಅಥವಾ ಹಳದಿ ಮುಚ್ಚಳದ್ದು ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಸುಮಾರು 5 ಮಿ.ಲೀ. ಮೈಯ ಡಿಎನ್‌ಎ ಮೇಲೆಯೇ ತಿರುಗಿಬೀಳುವ ಡಿಎಸ್‌ಡಿಎನ್‌ಎ ಪ್ರತಿಕಾಯ, ಸಿ3, ಸಿ4 ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನು ನೋಡುವುದು ಇದರಲ್ಲಿ. ಹಸಿರು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುತ್ತದೆ. ಬಿಳಿ ರಕ್ತಕಣಗಳನ್ನು ಜೀವಂತವಾಗಿ ಬೇರ್ಪಡಿಸಲು 8ರಿಂದ 10 ಮಿ.ಲೀ. ಅದಕ್ಕೇ ಬೇಕು. ಲೂಪಸ್ ಇರುವವರಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳೇ ಕಡಿಮೆ. ಹಾಗಾಗಿ ಆರೋಗ್ಯವಂತರಿಂದ 5 ಮಿ.ಲೀ.ಯಲ್ಲಿ ಸಿಗುವಷ್ಟು ಕಣ ನಿಮ್ಮಿಂದ ಸಿಗಬೇಕಾದರೆ ಎರಡು ಪಾಲು ರಕ್ತ ಬೇಕಾಗಬಹುದು. ನೇರಳೆ ಮುಚ್ಚಳದ, ಹೆಪ್ಪುಗಟ್ಟುವುದನ್ನು ತಡೆಯುವ ಇಡಿಟಿಎ ಇರುವ ಕೊಳವೆ ಡಿಎನ್‌ಎ ಮತ್ತು ಪ್ಲಾಸ್ಮಾಕ್ಕೆ, 4 ಮಿ.ಲೀ. ಕೊನೆಯದಾಗಿ, ಜೀನುಗಳ ಸಂದೇಶ ಒಯ್ಯುವ ಆರ್‌ಎನ್‌ಎ ಹಿಡಿದಿಡುವ ವಿಶೇಷ ಕೊಳವೆ, 2.5 ಮಿ.ಲೀ. ತುಂಬುವ ಕ್ರಮವೂ ಇದೇ: ಸೀರಮ್, ಹೆಪಾರಿನ್, ಇಡಿಟಿಎ, ಆಮೇಲೆ ಆರ್‌ಎನ್‌ಎ. ಕ್ರಮ ತಪ್ಪಿ ಇಡಿಟಿಎ ಒಂದು ತೊಟ್ಟು ಸೀರಮ್ ಕೊಳವೆಗೆ ಸೇರಿದರೂ ಪೊಟ್ಯಾಸಿಯಂ ಸುಳ್ಳೇ ಏರಿ, ಕ್ಯಾಲ್ಸಿಯಂ ಸುಳ್ಳೇ ಇಳಿದು ಬರುತ್ತದೆ.

ರಕ್ತ ಕೊಡಲು ಹೋಗುವ ದಿನ ಬೆಳಗಿನ ಗುಳಿಗೆಗಳನ್ನು ಎಂದಿನಂತೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಸ್ಟಿರಾಯ್ಡ್ ನುಂಗಿದ ನಾಲ್ಕಾರು ತಾಸಿನಲ್ಲಿ ರಕ್ತದ ಲಿಂಫೋಸೈಟ್ ಸಂಖ್ಯೆ ಇಳಿಯುತ್ತದೆ. ನುಂಗಿದ್ದರೆ ಎಷ್ಟು ಮಿ.ಗ್ರಾಂ., ಎಷ್ಟು ಗಂಟೆಗೆ ಎಂದು ಬರೆಸಿ. ಸಂಶೋಧನೆಗಾಗಿ ಗುಳಿಗೆಯನ್ನು ಸ್ವಂತ ತೀರ್ಮಾನದಿಂದ ಮಾತ್ರ ಬಿಡಬೇಡಿ. ಸ್ಟಿರಾಯ್ಡ್ ಹಠಾತ್ತಾಗಿ ನಿಂತರೆ ಜೀವಕ್ಕೇ ಅಪಾಯ.

ಪ್ರಶ್ನೆ: ನಾವು ಕೊಟ್ಟ ರಕ್ತದಿಂದ ನಿಜವಾಗಿ ಏನಾದರೂ ಪ್ರಯೋಜನ ಆಗಿದೆಯೇ? ಅಥವಾ ಫ್ರಿಜ್ಜಿನಲ್ಲಿ ಇಟ್ಟು ಮರೆಯುತ್ತಾರೆಯೇ?
– ಓದುಗರು, ಅಂಕೋಲಾ

ಉತ್ತರ: ಆಗಿದೆ. ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ಸೀರಮ್ಮನ್ನು ಕಾಲಕಾಲಕ್ಕೆ ತೆಗೆದು ಶೈತ್ಯದಲ್ಲಿ ಇಟ್ಟುಕೊಂಡು ಬಂದಿತ್ತು. ಮುಂದೆ ಲೂಪಸ್ ಬಂದ 130 ಮಂದಿಯ ಹಳೆಯ ಮಾದರಿಗಳನ್ನು ಹುಡುಕಿ ತೆಗೆದು ಪರೀಕ್ಷಿಸಿದಾಗ, ರೋಗ ಪತ್ತೆಯಾಗುವ ಮೊದಲೇ 88 ಶೇಕಡಾ ಜನರ ರಕ್ತದಲ್ಲಿ ಲೂಪಸ್ಸಿನ ಒಂದಲ್ಲ ಒಂದು ಪ್ರತಿಕಾಯ ಇತ್ತು, ಕೆಲವರಲ್ಲಿ ಒಂಬತ್ತು ವರ್ಷಕ್ಕೂ ಮುಂಚೆ. 2003ರಲ್ಲಿ ಪ್ರಕಟವಾದ ಈ ಫಲಿತಾಂಶ ಲೂಪಸ್ ಒಂದೇ ದಿನ ಶುರುವಾಗುವುದಿಲ್ಲ ಎಂದು ತೋರಿಸಿಕೊಟ್ಟಿತು. ಆ ಸೀರಮ್ ತೆಗೆದಾಗ ಯಾರಿಗೂ ಲೂಪಸ್ಸಿನ ಯೋಚನೆಯೇ ಇರಲಿಲ್ಲ. ಕೊಳವೆಯ ಮೇಲೆ ಸರಿಯಾದ ದಿನಾಂಕ ಇದ್ದುದರಿಂದ ಮಾತ್ರ ಇದು ಸಾಧ್ಯವಾಯಿತು.

ಅದೇ 2003ರಲ್ಲಿ ರೋಗಿಗಳ ರಕ್ತಕಣಗಳ ಆರ್‌ಎನ್‌ಎ ನೋಡಿದವರಿಗೆ, ವೈರಸ್ ವಿರುದ್ಧ ಮೈ ಹೊರಡಿಸುವ ಇಂಟರ್‌ಫೆರಾನ್ ಎಂಬ ಸಂದೇಶ ಲೂಪಸ್‌ನಲ್ಲಿ ವೈರಸ್ಸಿಲ್ಲದೆಯೂ ಜೋರಾಗಿರುವುದು ಕಂಡಿತು. ಆ ಸಂದೇಶಕ್ಕೆ ತಡೆ ಹಾಕುವ ಅನಿಫ್ರೊಲುಮ್ಯಾಬ್ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಡುವೆ ಹದಿನೆಂಟು ವರ್ಷ. ಮೊದಲು ರಕ್ತ ಕೊಟ್ಟವರಿಗೆ ಅದರ ಫಲ ನೇರವಾಗಿ ದಕ್ಕಿರಲಿಕ್ಕಿಲ್ಲ, ಒಪ್ಪಿಗೆ ಪತ್ರದಲ್ಲಿ "ನಿಮಗೆ ನೇರ ಲಾಭವಿಲ್ಲ" ಎಂದು ಬರೆದಿರುವುದು ಇದಕ್ಕೇ. ಅದನ್ನು ಮುಚ್ಚಿಡದೆ ಇದ್ದಂತೆಯೇ ಓದಿ ಹೇಳುವ ತಂಡದ ಮೇಲೆ ನಮಗೆ ಹೆಚ್ಚು ನಂಬಿಕೆ.

ನಮ್ಮ ದೇಶದಲ್ಲೂ ಹೊಸದಾಗಿ ಲೂಪಸ್ ಪತ್ತೆಯಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ರಕ್ತ ಮತ್ತು ಮೂತ್ರ ಸಂಗ್ರಹಿಸುವ ಇನ್‌ಸ್ಪೈರ್ ಎಂಬ ಅಧ್ಯಯನ ಹಲವು ಆಸ್ಪತ್ರೆಗಳಲ್ಲಿ ಒಟ್ಟಾಗಿ ನಡೆದಿದೆ. ಯುರೋಪಿನವರ ರಕ್ತದಿಂದ ಬಂದ ಲೆಕ್ಕ ನಮ್ಮ ಕರಾವಳಿಯ ಹೆಣ್ಣುಮಗಳಿಗೆ ಹಾಗೆಯೇ ಹೊಂದುತ್ತದೆ ಎಂದು ಹೇಳಲಾಗದು. ಅದನ್ನು ತಿಳಿಯಬೇಕಾದರೆ ಅವಳ ಮಾದರಿಯೂ ಲೆಕ್ಕದಲ್ಲಿ ಇರಬೇಕು.

ಪ್ರಶ್ನೆ: ಪ್ರತಿ ಸಲ ಹುಬ್ಬಳ್ಳಿಗೆ ಹೋಗುವುದು ಕಷ್ಟ. ಶಿರಸಿಯ ಲ್ಯಾಬಿನಲ್ಲೇ ರಕ್ತ ತೆಗೆಸಿ ಬಸ್ಸಿನಲ್ಲೋ ಕೊರಿಯರ್‌ನಲ್ಲೋ ಕಳಿಸಿದರೆ ಆಗದೇ?
– ಓದುಗರು, ಶಿರಸಿ

ಉತ್ತರ: ಕೆಲವು ಮಾದರಿ ಆಗುತ್ತದೆ, ಕೆಲವು ಆಗುವುದಿಲ್ಲ. ಯಾವುದು ಯಾಕೆ ಎಂದು ವಿವರವಾಗಿ ಹೇಳುತ್ತೇವೆ, ಏಕೆಂದರೆ ಜಿಲ್ಲೆಯಿಂದ ಹೋಗುವ ಮಾದರಿಗಳು ಕೆಡುವುದು ಇಲ್ಲಿಯೇ.

ಡಿಎನ್‌ಎ ಗಟ್ಟಿ. ನೇರಳೆ ಮುಚ್ಚಳದ ಕೊಳವೆಯನ್ನು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಟ್ಟು ಮರುದಿನ ಕಳಿಸಿದರೂ ನಡೆಯುತ್ತದೆ. ಸೀರಮ್ ಕೂಡ ಕಳಿಸಬಹುದು, ಆದರೆ ಶಿರಸಿಯಲ್ಲೇ ಬೇರ್ಪಡಿಸಿ ಕಳಿಸಬೇಕು. ತೆಗೆದ ಮೇಲೆ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಅರ್ಧ ತಾಸಿನಿಂದ ಒಂದು ತಾಸು ಹೆಪ್ಪುಗಟ್ಟಲು ಬಿಡಬೇಕು, ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ತಿರುಗಿಸಬೇಕು, ಮೇಲಿನ ತಿಳಿಯನ್ನು ಅರ್ಧರ್ಧ ಮಿ.ಲೀ.ಯಂತೆ ಸಣ್ಣ ಸೀಸೆಗಳಿಗೆ ಹಂಚಬೇಕು. ಇಷ್ಟೂ ಕೆಲಸ ಎರಡು ತಾಸಿನೊಳಗೆ ಮುಗಿಯಬೇಕು. ಸಣ್ಣ ಸಣ್ಣದಾಗಿ ಹಂಚುವುದು ಯಾಕೆಂದರೆ, ಒಂದು ಪರೀಕ್ಷೆಗೆ ಒಂದೇ ಸೀಸೆ ಕರಗಿಸಿದರೆ ಸಾಕು. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಷ್ಟು ಸಲವೂ ಪ್ರೋಟೀನುಗಳು ಹಾಳಾಗುತ್ತ ಹೋಗುತ್ತವೆ. ದೀರ್ಘ ಕಾಲದ ಸಂಗ್ರಹ ಮೈನಸ್ 80 ಡಿಗ್ರಿಯಲ್ಲಿ. ಮನೆಯ ಫ್ರಿಜ್ಜಿನ ಫ್ರೀಜರ್ ಮೈನಸ್ 18ರ ಆಸುಪಾಸು, ಅದೂ ಕರೆಂಟು ಹೋದಾಗಲೆಲ್ಲ ಏರಿಳಿಯುತ್ತದೆ.

ಜೀವಂತ ಕಣಗಳಿಗೆ ಬೇಕಾದ ಹಸಿರು ಕೊಳವೆ ಬಸ್ಸಿಗೆ ಹೊಂದುವುದಿಲ್ಲ. ಆ ರಕ್ತ ಅದೇ ದಿನ, ಸಾಧ್ಯವಾದರೆ ಎಂಟು ತಾಸಿನೊಳಗೆ ಪ್ರಯೋಗಾಲಯದ ಮೇಜಿಗೆ ಬರಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿನ ಆಸುಪಾಸು, ರಸ್ತೆ ಚೆನ್ನಾಗಿದ್ದರೆ ಮೂರು ತಾಸು. ಲೆಕ್ಕಕ್ಕೆ ಸರಿಹೋಗುತ್ತದೆ. ಆದರೆ ಪಾರ್ಸೆಲ್ ಇಳಿಸಿಕೊಂಡು ಪ್ರಯೋಗಾಲಯಕ್ಕೆ ಒಯ್ಯುವವರು ಕಾದು ನಿಂತಿರದಿದ್ದರೆ ಆ ಮೂರು ತಾಸು ಮೂವತ್ತಾಗುತ್ತದೆ. ಶುಕ್ರವಾರ ಮಧ್ಯಾಹ್ನ ತೆಗೆದ ರಕ್ತ ಸೋಮವಾರ ಬಿಚ್ಚಿದ ಪ್ರಸಂಗಗಳಲ್ಲಿ ಕಣಗಳು ಸತ್ತಿರುತ್ತವೆ. ಆದ್ದರಿಂದ ಈ ಕೊಳವೆ ಬೇಕಾದ ಭೇಟಿಗೆ ನೀವೇ ಹೋಗುವುದು, ಅದೂ ಸೋಮವಾರದಿಂದ ಗುರುವಾರದೊಳಗೆ ಬೆಳಿಗ್ಗೆ ಹೋಗುವುದು ಒಳ್ಳೆಯದು.

ಆರ್‌ಎನ್‌ಎ ಕೊಳವೆಯದು ಬೇರೆ ತಾಪತ್ರಯ. ತುಂಬಿದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿದರೆ 18ರಿಂದ 25 ಡಿಗ್ರಿಯಲ್ಲಿ ಮೂರು ದಿನ ತಡೆಯುತ್ತದೆ. ಏಪ್ರಿಲ್, ಮೇ ತಿಂಗಳ ಕಾರವಾರದಲ್ಲಿ "ಕೋಣೆಯ ತಾಪಮಾನ" ಎಂದರೆ ಮೂವತ್ತರ ಮೇಲೆ. ಹಾಗಾಗಿ ಎಸಿ ಕೋಣೆ ಅಥವಾ ಫ್ರಿಜ್ ಬೇಕೇ ಬೇಕು.

ಮಾಡಬಾರದ ಕೆಲಸ ಒಂದಿದೆ: ಬೇರ್ಪಡಿಸದ ಇಡೀ ರಕ್ತವನ್ನು ಫ್ರೀಜರಿನಲ್ಲಿ ಇಡುವುದು, ಅಥವಾ ಕೊಳವೆಗೆ ಐಸ್ ನೇರವಾಗಿ ತಾಗುವಂತೆ ಥರ್ಮೋಕೋಲ್ ಡಬ್ಬಿಯಲ್ಲಿ ತುಂಬುವುದು. ಕೆಂಪು ಕಣ ಒಡೆದು ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹಲವು ಪರೀಕ್ಷೆಗಳಿಗೆ ಅದು ಬರುವುದಿಲ್ಲ. ಐಸ್ ಪ್ಯಾಕ್ ಮತ್ತು ಕೊಳವೆಯ ನಡುವೆ ದಪ್ಪ ಬಟ್ಟೆಯೋ ರಟ್ಟೋ ಇರಲಿ. ಆಗಲೇ ಹೆಪ್ಪುಗಟ್ಟಿಸಿದ ಸೀರಮ್ ಕಳಿಸಬೇಕಾದಾಗ ಡ್ರೈ ಐಸ್ (ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್) ಬಳಸುತ್ತಾರೆ, ಅದರ ತಾಪ ಮೈನಸ್ 78.5 ಡಿಗ್ರಿ. ದಿನಕ್ಕೆ ಹಲವು ಕೆ.ಜಿ. ಆವಿಯಾಗಿ ಹೋಗುವುದರಿಂದ ಡಬ್ಬಿಗೆ ಗಾಳಿಯಾಡುವ ಕಿಂಡಿ ಇರಲೇಬೇಕು. ಗಾಳಿಯಾಡದಂತೆ ಬಿಗಿದರೆ ಡಬ್ಬಿ ಸಿಡಿಯುತ್ತದೆ. ಕಾರಿನಲ್ಲಿ ಒಯ್ಯುವಾಗ ಆ ಅನಿಲ ಒಳಗೆ ತುಂಬಿಕೊಳ್ಳದಂತೆ ಕಿಟಕಿ ತೆರೆದಿರಲಿ.

ಮಳೆಗಾಲದ ಮಾತು ಬೇರೆಯೇ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾದದ್ದು ಎಲ್ಲರಿಗೂ ನೆನಪಿದೆ. ಅರಬೈಲು, ದೇವಿಮನೆ ಘಟ್ಟಗಳ ಕೆಳಗಿನವರನ್ನು ಸೇರಿಸಿಕೊಳ್ಳುವ ಯಾವ ಅಧ್ಯಯನವೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಭೇಟಿಗಳಿಗೆ ದಿನಾಂಕದ ಸಡಿಲಿಕೆಯನ್ನು ಮೊದಲೇ ಯೋಜನೆಯಲ್ಲಿ ಬರೆದುಕೊಳ್ಳಬೇಕು. ನೀವೂ ಸೇರುವಾಗಲೇ ಅದನ್ನು ಕೇಳಿ.

ಪ್ರಶ್ನೆ: ಮೂತ್ರದ ಮಾದರಿಗೆ ಯಾವ ಎಚ್ಚರಿಕೆ ಬೇಕು?
– ಓದುಗರು, ಗೋಕರ್ಣ

ಉತ್ತರ: ಬೆಳಗಿನ ಮೂತ್ರ, ಮೊದಲ ಸ್ವಲ್ಪ ಬಿಟ್ಟು ನಡುವಿನ ಧಾರೆ, 30ರಿಂದ 50 ಮಿ.ಲೀ. ಮುಟ್ಟಿನ ದಿನಗಳಲ್ಲಿ ಮತ್ತು ಅದು ನಿಂತ ಎರಡು ಮೂರು ದಿನ ಕೊಡಬೇಡಿ. ರಕ್ತ ಬೆರೆತು, ಮೂತ್ರಪಿಂಡಕ್ಕೆ ಲೂಪಸ್ ಇಳಿದಿದೆಯೆಂಬ ತಪ್ಪು ಚಿತ್ರ ಬರುತ್ತದೆ. ಉರಿಮೂತ್ರ, ಜ್ವರ, ಹಿಂದಿನ ದಿನದ ಭಾರೀ ದುಡಿಮೆ ಇದ್ದರೂ ಪ್ರೋಟೀನ್ ಏರಬಹುದು, ಆದ್ದರಿಂದ ಇದ್ದದ್ದನ್ನು ಬರೆಸಿ. ಸಂಶೋಧನೆಯ ಸೀಸೆಯೊಳಗೆ ಪರೀಕ್ಷಾ ಪಟ್ಟಿ ಅದ್ದಬಾರದು, ಅದಕ್ಕೆ ಬೇರೆ ಸ್ವಲ್ಪ ತೆಗೆದಿಡಲಿ. ಮೂತ್ರದಲ್ಲಿ ಬರುವ ಪ್ರೋಟೀನುಗಳನ್ನು ನೋಡಿಯೇ ಮೂತ್ರಪಿಂಡದ ಉರಿಯೂತ ತಿಳಿಯಲು ಸಾಧ್ಯವೇ, ಪದೇ ಪದೇ ಬಯಾಪ್ಸಿ (ಅಂಗದ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ) ತಪ್ಪಿಸಬಹುದೇ ಎಂಬ ಹುಡುಕಾಟ ಈಗ ಜೋರಾಗಿದೆ. ಸೂಜಿಯಿಲ್ಲದೆ ಸಿಗುವ ಈ ಮಾದರಿಗೆ ರಕ್ತದಷ್ಟೇ ಬೆಲೆ ಇದೆ.

ಪ್ರಶ್ನೆ: ಪತ್ನಿಗೆ ಹತ್ತು ವರ್ಷದಿಂದ ಲೂಪಸ್. ನಾಲ್ಕು ಆಸ್ಪತ್ರೆಯ ಫೈಲುಗಳು ಒಂದು ಚೀಲ ತುಂಬ ಇವೆ. ಸಂಶೋಧನೆಗೆ ಇದು ಉಪಯೋಗಕ್ಕೆ ಬರುತ್ತದೆಯೇ? ಹೇಗೆ ಜೋಡಿಸುವುದು?
– ಓದುಗರು, ಕಾರವಾರ

ಉತ್ತರ: ಬರುತ್ತದೆ, ತುಂಬಾ. ಇಂಥ ಚೀಲಗಳ ಬೆಲೆ ರೋಗಿಗಳಿಗೇ ಗೊತ್ತಿರುವುದಿಲ್ಲ. ಯಾವ ದಿನ ಏನಾಯಿತೆಂದು ಗೊತ್ತಿಲ್ಲದ ರಕ್ತದ ಕೊಳವೆ ಹೆಸರಿಲ್ಲದ ಪತ್ರದಂತೆ. ಇದ್ದೂ ಯಾರಿಗೂ ಸೇರದು.

ಮೊದಲು ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ, ಆಸ್ಪತ್ರೆಯ ಪ್ರಕಾರ ಬೇಡ. ನುಣುಪು ಕಾಗದದ ಶಾಖಮುದ್ರಿತ ಚೀಟಿಗಳು, ಉದಾಹರಣೆಗೆ ಇಸಿಜಿ ಮತ್ತು ಕೆಲವು ಲ್ಯಾಬಿನ ಪಟ್ಟಿಗಳು, ಎರಡು ಮೂರು ವರ್ಷದಲ್ಲಿ ಮಾಸುತ್ತವೆ. ನಮ್ಮ ಮಳೆಗಾಲದ ತೇವಕ್ಕೆ ಇನ್ನೂ ಬೇಗ. ಇವತ್ತೇ ಹಗಲು ಬೆಳಕಿನಲ್ಲಿ ನೆರಳು ಬೀಳದಂತೆ ಫೋಟೋ ತೆಗೆದು, ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಹಾಕಿ.

ಹುಡುಕಿ ಮೇಲಿಡಬೇಕಾದ ಕಾಗದಗಳು ಕೆಲವೇ. ಎಎನ್‌ಎ (ಜೀವಕೋಶದ ಕೇಂದ್ರದ ಮೇಲೆ ತಿರುಗಿಬೀಳುವ ಪ್ರತಿಕಾಯ) ವರದಿಯಲ್ಲಿ "ಪಾಸಿಟಿವ್" ಎಂಬ ಒಂದು ಪದ ಸಾಲದು. 1:80, 1:320 ಎಂಬಂಥ ಟೈಟರ್ (ಸೀರಮ್ಮನ್ನು ಎಷ್ಟು ಪಟ್ಟು ತೆಳುಮಾಡಿದರೂ ಪ್ರತಿಕಾಯ ಕಂಡಿತು ಎಂಬ ಅಳತೆ), ಜೊತೆಗೆ ಪ್ಯಾಟರ್ನ್ ಮತ್ತು ಪರೀಕ್ಷಾ ವಿಧಾನ ಬೇಕು. ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು 13 ಮಂದಿಗೆ 1:80ರಲ್ಲಿ ಎಎನ್‌ಎ ಪಾಸಿಟಿವ್ ಬರುತ್ತದೆ. 2019ರ ಅಂತರರಾಷ್ಟ್ರೀಯ ಮಾನದಂಡದಲ್ಲಿ 1:80 ಬರೀ ಬಾಗಿಲು, ಒಳಗೆ ಹೋದ ಮೇಲೆ ಉಳಿದ ಲಕ್ಷಣಗಳಿಂದ ಹತ್ತು ಅಂಕ ಸೇರಿದರೆ ಮಾತ್ರ ಅಧ್ಯಯನದ ಲೆಕ್ಕಕ್ಕೆ ಲೂಪಸ್. ಡಿಎಸ್‌ಡಿಎನ್‌ಎ ವರದಿಯಲ್ಲಿ ಲ್ಯಾಬಿನ ಸಾಮಾನ್ಯ ಮಿತಿಯೂ ಕಾಣುವಂತೆ ಪೂರ್ತಿ ಪುಟ ಇಡಿ. ಒಂದು ಲ್ಯಾಬಿನ 60ನ್ನು ಇನ್ನೊಂದರ 200ರ ಜೊತೆ ಹೋಲಿಸಲಾಗದು, ವಿಧಾನ ಬೇರೆ ಇರುತ್ತದೆ. ಮೂತ್ರಪಿಂಡದ ಬಯಾಪ್ಸಿ ಆಗಿದ್ದರೆ ಅದರ ವರದಿಯಲ್ಲಿ ಒಂದರಿಂದ ಆರರವರೆಗಿನ ದರ್ಜೆ ಇರುತ್ತದೆ. ಮಾಡಿದ ಆಸ್ಪತ್ರೆಯಲ್ಲಿ ಆ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಇನ್ನೂ ಇದೆಯೇ ಎಂದು ವಿಚಾರಿಸಿ, ವರ್ಷಗಳ ನಂತರವೂ ಅದರಿಂದ ಹೊಸ ಪರೀಕ್ಷೆ ಮಾಡಬಹುದು. ಗರ್ಭ ನಿಂತದ್ದು, ಹೋದದ್ದು, ಎಷ್ಟನೇ ತಿಂಗಳಲ್ಲಿ ಎಂಬುದನ್ನು ಸಂಕೋಚವಿಲ್ಲದೆ ಬರೆಯಿರಿ. ಗರ್ಭಪಾತಕ್ಕೂ ರಕ್ತ ಹೆಪ್ಪುಗಟ್ಟುವುದಕ್ಕೂ ಕಾರಣವಾಗಬಲ್ಲ ಫಾಸ್ಫೋಲಿಪಿಡ್ ಪ್ರತಿಕಾಯದ ಪರೀಕ್ಷೆ ಆಗಿದ್ದರೆ ಎರಡೂ ವರದಿ ಬೇಕು. ಹನ್ನೆರಡು ವಾರ ಬಿಟ್ಟು ಎರಡನೇ ಸಲವೂ ಬಂದರೆ ಮಾತ್ರ ಅದಕ್ಕೆ ಅರ್ಥ.

ಆಮೇಲೆ ಒಂದು ಹಾಳೆಯಲ್ಲಿ ಔಷಧಿಯ ಇತಿಹಾಸ. ಯಾವ ಗುಳಿಗೆ, ಎಷ್ಟು ಮಿ.ಗ್ರಾಂ., ಯಾವಾಗ ಶುರು, ಯಾವಾಗ ನಿಂತಿತು, ಯಾಕೆ ನಿಂತಿತು. ಈ ಕೊನೆಯದನ್ನು ಯಾವ ಕಂಪ್ಯೂಟರೂ ದಾಖಲಿಸುವುದಿಲ್ಲ. ಲೂಪಸ್ಸಿಗೆ ಹೆಚ್ಚಾಗಿ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಆಗಿದ್ದರೆ ಆಗಿನ ತೂಕವೂ ಇರಲಿ, ದಿನದ ಪ್ರಮಾಣ ಕೆ.ಜಿ.ಗೆ 5 ಮಿ.ಗ್ರಾಂ. ಮೀರಿತ್ತೇ ಎಂಬುದು ಕಣ್ಣಿನ ಅಧ್ಯಯನಗಳಿಗೆ ಮುಖ್ಯ. ಗುಳಿಗೆ ತಪ್ಪಿಸಿದ್ದರೆ ಹಾಗೆಯೇ ಹೇಳಿ. ರಕ್ತದಲ್ಲಿ ಇದರ ಮಟ್ಟ ಅಳೆಯುವ ಪರೀಕ್ಷೆ ಇದೆ. ತಪ್ಪಿಸಿದ್ದನ್ನು ಮುಚ್ಚಿಟ್ಟರೆ "ಔಷಧಿ ಕೆಲಸ ಮಾಡಲಿಲ್ಲ" ಎಂಬ ತಪ್ಪು ಫಲಿತಾಂಶ ಪುಸ್ತಕಕ್ಕೆ ಸೇರುತ್ತದೆ.

ಕಷಾಯ, ಚೂರ್ಣ, ನಾಟಿ ಔಷಧಿಯನ್ನೂ ಬರೆಯಬೇಕು. ಅಮೃತಬಳ್ಳಿ ನಮ್ಮ ಹಿತ್ತಿಲಲ್ಲೇ ಇದೆ. ಅದನ್ನು ತೆಗೆದುಕೊಂಡ ಕೆಲವರಲ್ಲಿ, ಅದರಲ್ಲೂ ಸ್ವನಿರೋಧಕ ಕಾಯಿಲೆಯ ಒಲವಿದ್ದವರಲ್ಲಿ, ಯಕೃತ್ತಿಗೆ ಪೆಟ್ಟಾದದ್ದನ್ನು ಭಾರತದ ವೈದ್ಯರೇ ವರದಿ ಮಾಡಿದ್ದಾರೆ. ಇದನ್ನು ಬರೆಯದಿದ್ದರೆ ಯಕೃತ್ತಿನ ತೊಂದರೆಯನ್ನು ಲೂಪಸ್ಸಿನ ಖಾತೆಗೋ ಗುಳಿಗೆಯ ಖಾತೆಗೋ ಹಾಕಿಬಿಡುತ್ತಾರೆ.

ಜ್ವರಗಳ ಬಗ್ಗೆ ಒಂದು ಮಾತು ನಮ್ಮ ಜಿಲ್ಲೆಗೇ ವಿಶೇಷ. ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಬೇಸಿಗೆಯ ಮಂಗನ ಕಾಯಿಲೆ, ಗದ್ದೆಯಲ್ಲಿ ಮಳೆಗಾಲದ ಇಲಿಜ್ವರ. ಮಂಗನ ಕಾಯಿಲೆಯಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ಲೂಪಸ್ ಕೆರಳಿದಾಗಲೂ ಹಾಗೆಯೇ. ವೈರಸ್ ಜ್ವರದಲ್ಲಿ ಇಂಟರ್‌ಫೆರಾನ್ ಕೂಡ ಏರುತ್ತದೆ. ದೂರದ ಊರಿನ ಸಂಶೋಧಕರಿಗೆ ಇದು ತಾನಾಗಿ ಹೊಳೆಯಲಿಕ್ಕಿಲ್ಲ. ಜ್ವರ ಬಂದ ತಿಂಗಳು, ಊರು, ಆಗ ಯಾವ ಪರೀಕ್ಷೆ ಆಯಿತು ಎಂದು ಹಾಳೆಯಲ್ಲಿ ಇರಲೇಬೇಕು. ಮೂಲ ಕಾಗದ ಯಾರಿಗೂ ಕೊಡಬೇಡಿ. ಪ್ರತಿ ಕೊಡಿ.

ಪ್ರಶ್ನೆ: ಮಗಳಿಗೆ ಮದುವೆ ಆಗಬೇಕು. ಲೂಪಸ್ ಇದೆಯೆಂದು ಊರಿಗೆ ಗೊತ್ತಾದರೆ ಕಷ್ಟ. "ಹೆಸರು ಗುಟ್ಟಾಗಿರುತ್ತದೆ" ಎನ್ನುತ್ತಾರೆ. ನಂಬಬಹುದೇ?
– ತಾಯಿ, ಹೊನ್ನಾವರ ತಾಲೂಕು

ಉತ್ತರ: ನಿಮ್ಮ ಭಯ ಸಣ್ಣದಲ್ಲ. ಮಾದರಿಯ ಮೇಲೆ ಹೆಸರಿನ ಬದಲು ಸಂಕೇತ ಸಂಖ್ಯೆ ಇರುತ್ತದೆ, ಸಂಖ್ಯೆಯಿಂದ ಹೆಸರಿಗೆ ಹೋಗುವ ಪಟ್ಟಿ ಬೇರೆಡೆ ಬೀಗದಲ್ಲಿರುತ್ತದೆ. ಆದರೆ ಸಣ್ಣ ಊರಿನಲ್ಲಿ ಹೆಸರು ತೆಗೆದರಷ್ಟೇ ಸಾಲದು. "24 ವರ್ಷ, ಅವಿವಾಹಿತೆ, ಇಂಥ ಗ್ರಾಮ, ಇಂಥ ಸಮುದಾಯ, ಇಂಥ ತಿಂಗಳು ಡಯಾಲಿಸಿಸ್" ಎಂದು ಇದ್ದರೆ ಊರಿನವರಿಗೆ ಹೆಸರೇ ಬೇಡ. ಆದ್ದರಿಂದ ನಾಲ್ಕು ವಿಷಯ ಕೇಳಿ. ಹೊರಗೆ ಹಂಚುವ ಮಾಹಿತಿಯಲ್ಲಿ ಊರಿನ ಬದಲು ಜಿಲ್ಲೆ ಅಥವಾ ರಾಜ್ಯ ಮಾತ್ರ ಇರುತ್ತದೆಯೇ? ಹುಟ್ಟಿದ ದಿನದ ಬದಲು ವಯಸ್ಸು ಹಾಕುತ್ತಾರೆಯೇ? ಮುಖದ ಚಿಟ್ಟೆಯಾಕಾರದ ದದ್ದಿನ ಫೋಟೋ ಬಳಸುವರೇ, ಬಳಸಿದರೆ ಅದಕ್ಕೆ ಪ್ರತ್ಯೇಕ ಸಹಿ ಇದೆಯೇ? ಮನೆಗೆ ಫೋನ್ ಮಾಡುವಾಗ ಆಸ್ಪತ್ರೆಯ ಯಾವ ವಿಭಾಗವೆಂದು ಹೇಳದೆ ಮಗಳನ್ನೇ ಕರೆಯುತ್ತಾರೆಯೇ? ನಾಲ್ಕನೆಯದು ಯಾರೂ ಯೋಚಿಸದ ವಿಷಯ, ಗುಟ್ಟು ಬಯಲಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ಆಸ್ಪತ್ರೆಯಿಂದ ಬರುವ ವಾಟ್ಸಾಪ್ ಸಂದೇಶ ಮನೆಯವರೆಲ್ಲ ನೋಡುವ ಫೋನಿಗೆ ಬರುವುದು ಬೇಡ ಎಂದಾದರೆ ಅದನ್ನೂ ಬರೆಸಿ.

ಡಿಎನ್‌ಎ ವಿಚಾರದಲ್ಲಿ ನೇರವಾಗಿ ಹೇಳುತ್ತೇವೆ: ಪೂರ್ತಿ ಜೀನೋಮ್ ಓದಿದರೆ ಅದು ಎಂದೆಂದಿಗೂ ಒಬ್ಬರದ್ದೇ ಗುರುತು, ಸಂಪೂರ್ಣ ಅನಾಮಿಕ ಎನ್ನಲಾಗದು. ಅದಕ್ಕೆ ಮನಸ್ಸಿಲ್ಲದಿದ್ದರೆ ಸೀರಮ್, ಮೂತ್ರಕ್ಕೆ ಮಾತ್ರ ಒಪ್ಪಿ ಡಿಎನ್‌ಎ ಅಂಕಣದಲ್ಲಿ "ಇಲ್ಲ" ಎಂದು ಗುರುತು ಮಾಡಬಹುದಾದ, ಹಂತ ಹಂತದ ಒಪ್ಪಿಗೆ ಪತ್ರ ಇದೆಯೇ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಲ್ಲಿ ಇಂಥ ಒಪ್ಪಿಗೆಗೆ ಅವಕಾಶವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿರುವುದರಿಂದ, ನಿಮ್ಮ ಕೈಯಲ್ಲಿರುವ ಒಪ್ಪಿಗೆ ಪತ್ರದ ಮಾತುಗಳೇ ನಿಮಗೆ ಗಟ್ಟಿ ಆಧಾರ. ಮಗಳು ವಯಸ್ಕಳು. ಸಹಿ ಹಾಕಬೇಕಾದವಳೂ ಅವಳೇ, ಬೇಡವೆನ್ನಬೇಕಾದವಳೂ ಅವಳೇ.

ಪ್ರಶ್ನೆ: ಹೋದ ವರ್ಷ ಸಹಿ ಹಾಕಿದ್ದೆ, ಈಗ ಬೇಡ ಅನ್ನಿಸುತ್ತಿದೆ. ಚಿಕಿತ್ಸೆ ನಿಲ್ಲಿಸುತ್ತಾರೆಯೇ? ಪರೀಕ್ಷೆಗೆ ದುಡ್ಡು ಕೇಳಿದರೆ?
– ಓದುಗರು, ಭಟ್ಕಳ

ಉತ್ತರ: ಚಿಕಿತ್ಸೆ ನಿಲ್ಲಿಸುವಂತಿಲ್ಲ, ಕಾರಣ ಹೇಳುವ ಅಗತ್ಯವೂ ಇಲ್ಲ. ಮುಖ್ಯ ಸಂಶೋಧಕರಿಗೆ ಒಂದು ಚೀಟಿ ಬರೆದು ದಿನಾಂಕ ಹಾಕಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಏನು ಬೇಕೆಂದು ಸ್ಪಷ್ಟವಾಗಿ ಬರೆಯಿರಿ: ಇನ್ನು ಮುಂದೆ ಮಾದರಿ ಬೇಡ ಎಂದಷ್ಟೆಯೋ, ಉಳಿದ ಮಾದರಿಯನ್ನು ನಾಶ ಮಾಡಿ ಎಂದೋ. ಆಗಲೇ ಪರೀಕ್ಷೆಯಾಗಿ ಲೆಕ್ಕದಲ್ಲಿ ಸೇರಿದ ಅಂಕಿಗಳನ್ನು, ಗುರುತಿನ ಕೊಂಡಿಯನ್ನೇ ಕಡಿದುಹಾಕಿದ ಮಾದರಿಯನ್ನು ಹುಡುಕಿ ತೆಗೆಯಲು ಆಗುವುದಿಲ್ಲ. ಸಂಶೋಧನೆಗಷ್ಟೇ ಬೇಕಾದ ಪರೀಕ್ಷೆಗೆ ರೋಗಿಯಿಂದ ಹಣ ಪಡೆಯಬಾರದು. ಬಸ್ ಖರ್ಚು, ಹೋದ ದಿನದ ಕೂಲಿ ತುಂಬಿಕೊಡಲು ಐಸಿಎಂಆರ್ ಮಾರ್ಗಸೂಚಿಯಲ್ಲಿ ಅವಕಾಶವಿದೆ, ಕೇಳಲು ಹಿಂಜರಿಯಬೇಡಿ. ಉತ್ತರ ಸಿಗದಿದ್ದರೆ ಒಪ್ಪಿಗೆ ಪತ್ರದ ಕೊನೆಯ ಪುಟದಲ್ಲಿ, ಅಧ್ಯಯನ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಯ ಫೋನ್ ಇರಬೇಕು. ಆ ಪುಟವೇ ಇಲ್ಲದ ಅಧ್ಯಯನಕ್ಕೆ ಸಹಿ ಹಾಕಬೇಡಿ.

ಪ್ರಶ್ನೆ: ಮಗಳಿಗೆ 14 ವರ್ಷ. ನಾನು ಸಹಿ ಹಾಕಿದರೆ ಸಾಕೇ? ನನಗೆ ಓದು ಬರುವುದಿಲ್ಲ, ಪತ್ರ ಇಂಗ್ಲಿಷಿನಲ್ಲಿದೆ.
– ಓದುಗರ ಪರವಾಗಿ ಬರೆದವರು, ಸಿದ್ದಾಪುರ

ಉತ್ತರ: ಸಾಲದು. ಹನ್ನೆರಡು ದಾಟಿದ ಮಗುವಿನ ಲಿಖಿತ ಸಮ್ಮತಿಯೂ ನಿಮ್ಮ ಸಹಿಯ ಜೊತೆ ಬೇಕು, ಏಳರಿಂದ ಹನ್ನೆರಡರವರೆಗೆ ಬಾಯಿಮಾತಿನ ಸಮ್ಮತಿ. ಅವಳು ಬೇಡವೆಂದರೆ ಒತ್ತಾಯ ಬೇಡ. ಹದಿನೆಂಟು ತುಂಬಿದ ಮೇಲೆ ಅವಳನ್ನೇ ಮತ್ತೆ ಕೇಳಬೇಕು. ಪತ್ರ ಕನ್ನಡದಲ್ಲಿ, ಅಥವಾ ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡುವುದು ಅವರ ಕರ್ತವ್ಯ. ಓದು ಬಾರದವರಿಗೆ ಪೂರ್ತಿ ಓದಿ ಹೇಳಬೇಕು, ಅಧ್ಯಯನದ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಅಲ್ಲಿದ್ದು ಸಹಿ ಮಾಡಬೇಕು, ಆಮೇಲೆ ನಿಮ್ಮ ಹೆಬ್ಬೆಟ್ಟು. ಊರಿನ ಆಶಾ ಕಾರ್ಯಕರ್ತೆಯನ್ನೋ ಶಾಲೆಯ ಮಾಸ್ತರರನ್ನೋ ಜೊತೆಗೆ ಕರೆದೊಯ್ಯಬಹುದು. ಅದೇ ದಿನ ಸಹಿ ಹಾಕಲೇಬೇಕೆಂದಿಲ್ಲ. ಪ್ರತಿಯನ್ನು ಮನೆಗೆ ತಂದು ವಿಚಾರಿಸಿ ಮುಂದಿನ ಭೇಟಿಯಲ್ಲಿ ಹೇಳಿ.

ಪ್ರಶ್ನೆ: ನನ್ನ ತಂಗಿಗೆ ಲೂಪಸ್. ನನಗೆ ಏನೂ ಇಲ್ಲ, ಆದರೂ ನನ್ನ ರಕ್ತ ಕೇಳುತ್ತಿದ್ದಾರೆ. ತಂಗಿಯೂ ಈಗ ಆರಾಮಾಗಿದ್ದಾಳೆ, ಭೇಟಿ ಬಿಟ್ಟರೆ ಆಗದೇ?
– ಅಕ್ಕ, ಯಲ್ಲಾಪುರ

ಉತ್ತರ: ರೋಗಿಯ ರಕ್ತದಲ್ಲಿ ಕಂಡದ್ದು ಲೂಪಸ್ಸಿನಿಂದಲೋ, ಮನೆತನದ ಜೀನಿನಿಂದಲೋ, ಊರಿನ ಬಿಸಿಲು ನೀರಿನಿಂದಲೋ ಎಂದು ಬೇರ್ಪಡಿಸಲು ಅದೇ ಮನೆಯ, ಅದೇ ವಯಸ್ಸಿನ ಆರೋಗ್ಯವಂತ ಹೆಂಗಸಿನ ಮಾದರಿ ಬೇಕಾಗುತ್ತದೆ. ಕೊಡುವ ಮೊದಲು ಒಂದು ತೀರ್ಮಾನ ನಿಮ್ಮದೇ ಆಗಿರಲಿ: ನಿಮ್ಮ ಎಎನ್‌ಎ ಪಾಸಿಟಿವ್ ಬಂದರೆ ನಿಮಗೆ ತಿಳಿಸಬೇಕೋ ಬೇಡವೋ. ಪಾಸಿಟಿವ್ ಬಂದ ಹೆಚ್ಚಿನವರಿಗೆ ಎಂದೂ ಲೂಪಸ್ ಬರುವುದಿಲ್ಲ, ಆದರೆ ತಿಳಿದ ಮೇಲೆ ಚಿಂತೆ ಬಿಡುವುದಿಲ್ಲ. ಎರಡು ವಾರದೊಳಗೆ ಜ್ವರ ಬಂದಿದ್ದರೆ ಅಥವಾ ಲಸಿಕೆ ಹಾಕಿಸಿಕೊಂಡಿದ್ದರೆ ದಿನ ಮುಂದೂಡಿ.

ತಂಗಿಯ ಭೇಟಿ ಬಿಡಬೇಡಿ. ಆರಾಮಾದವರೆಲ್ಲ ಮನೆಯಲ್ಲಿ ಉಳಿದು, ಕಾಯಿಲೆ ಕೆರಳಿದವರು ಮಾತ್ರ ಬಂದರೆ ಅಧ್ಯಯನದ ಪುಸ್ತಕದಲ್ಲಿ ಲೂಪಸ್ ಇದ್ದದ್ದಕ್ಕಿಂತ ಭೀಕರವಾಗಿ ಕಾಣುತ್ತದೆ, ಯಾವ ಔಷಧಿಯಿಂದ ಆರಾಮಾದರು ಎಂಬುದೇ ಅಳಿಸಿಹೋಗುತ್ತದೆ. ಅವಳ ಆರಾಮಿನ ದಿನದ ರಕ್ತ ಇದ್ದರೆ ತಾನೇ ಕೆರಳಿದ ದಿನದ್ದನ್ನು ಹೋಲಿಸಲು ಸಾಧ್ಯ. ಮಳೆಯಿಂದಲೋ ತೋಟದ ಕೊಯ್ಲಿನಿಂದಲೋ ಹೋಗಲಾಗದಿದ್ದರೆ ಸಂಯೋಜಕರಿಗೆ ಮೊದಲೇ ಫೋನ್ ಮಾಡಿ, ತಾಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ, ತೂಕ, ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ (ಪ್ರೋಟೀನ್ ಎಷ್ಟು ಸೋರುತ್ತಿದೆ ಎಂಬ ಅಳತೆ), ರಕ್ತಕಣಗಳ ಎಣಿಕೆ ಮಾಡಿಸಿ. ದಿನಾಂಕ ಮತ್ತು ಲ್ಯಾಬಿನ ಹೆಸರು ಕಾಣುವಂತೆ ವರದಿಯ ಫೋಟೋ ಕಳಿಸಿ. ಅನುಪಾತ 0.5 ದಾಟಿದ್ದರೆ ಸಂಶೋಧನೆಯ ದಿನಕ್ಕೆ ಕಾಯದೆ ಚಿಕಿತ್ಸೆಯ ವೈದ್ಯರನ್ನು ಅದೇ ವಾರ ಕಾಣಿ.